ಆಪ್ತಸಮಾಲೋಚನೆಯಲ್ಲಿ ಸಾಮಾಜಿಕ ನ್ಯಾಯದ ವಕಾಲತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಆಪ್ತಸಮಾಲೋಚನೆಯನ್ನು ಕಲಿಯುತ್ತಿರುವವರನ್ನೂ, ವೃತ್ತಿಯಲ್ಲಿ ಪಳಗಿದ್ದರೂ ಈ ವಿಷಯದಲ್ಲಿ ಅನುಮಾನ ಉಳಿಸಿಕೊಂಡಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ. ಸಮಾಲೋಚನೆಗೆಂದು ಬರುವ ವ್ಯಕ್ತಿಯನ್ನು ಇಲ್ಲಿ ‘ಸಹಾಯಾರ್ಥಿ’ ಎಂದು ಕರೆದಿದ್ದೇನೆ.

ವಕಾಲತ್ತು ಎಂದರೆ ಇಲ್ಲಿ ಏನರ್ಥ? ಸಮಾಲೋಚಕರು ವಕೀಲರಾಗಬೇಕೇ?

ಬೇಕಿಲ್ಲ. ಸಹಾಯಾರ್ಥಿಯ ನೆಮ್ಮದಿಗೂ ಬೆಳವಣಿಗೆಗೂ ಅಡ್ಡ ನಿಂತಿರುವ ಕಾರಣ ಅವರ ಮನಸ್ಸಿನೊಳಗೆ ಇಲ್ಲದೆ ಒಂದು ನಿಯಮದಲ್ಲೋ, ಒಂದು ಕಚೇರಿಯ ನಡಾವಳಿಯಲ್ಲೋ, ತಲೆಮಾರುಗಳಿಂದ ನಡೆದುಬಂದ ತಾರತಮ್ಯದಲ್ಲೋ ಇದ್ದಾಗ, ಆ ಅಡ್ಡಿಯನ್ನು ಸರಿಸಲು ಸಮಾಲೋಚಕರು ತಮ್ಮ ವೃತ್ತಿಯ ತಿಳಿವಳಿಕೆಯನ್ನೂ ಸ್ಥಾನವನ್ನೂ ಬಳಸಿ ಮಾಡುವ ಕೆಲಸಕ್ಕೆಲ್ಲ ಈ ಹೆಸರು ಸಲ್ಲುತ್ತದೆ. ಅದು ಒಂದು ದೂರವಾಣಿ ಕರೆಯಷ್ಟು ಚಿಕ್ಕದಿರಬಹುದು, ಒಂದು ಕಾಯ್ದೆಯ ತಿದ್ದುಪಡಿಗಾಗಿ ವರ್ಷಗಟ್ಟಲೆ ಓಡಾಡುವಷ್ಟು ದೊಡ್ಡದೂ ಇರಬಹುದು. ಕೆಲವರು ‘ಅಡ್ವೊಕೆಸಿ’ ಎಂದೇ ಹೇಳುತ್ತಾರೆ. ಇನ್ನೊಬ್ಬರ ಪರವಾಗಿ ನಿಲ್ಲುವುದು ಎಂಬ ಅರ್ಥ ನಮ್ಮ ಆಡುಮಾತಿನಲ್ಲಿ ‘ವಕಾಲತ್ತು’ ಎಂಬ ಪದಕ್ಕೆ ಮೊದಲೇ ಇರುವುದರಿಂದ ನಾನು ಅದನ್ನೇ ಉಳಿಸಿಕೊಂಡಿದ್ದೇನೆ.

ಸಮಾಧಾನವಾಗಿ ಕೇಳಿಸಿಕೊಳ್ಳುವುದಷ್ಟೇ ಸಮಾಲೋಚಕರ ಕೆಲಸವಲ್ಲವೇ? ಸಮಾಜವನ್ನು ತಿದ್ದುವ ಹೊಣೆ ಬೇರೆಯವರದಲ್ಲವೇ?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಇದರ ಹಿಂದಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಕೇಳಿಸಿಕೊಳ್ಳುವುದು ಈ ವೃತ್ತಿಯ ಜೀವಾಳ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪೂರ್ತಿ ಕೇಳಿಸಿಕೊಂಡವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಬೇರೆ ಬೇರೆ ಸಹಾಯಾರ್ಥಿಗಳು ಬೇರೆ ಬೇರೆ ದಿನ ಬಂದು ಹೇಳಿಕೊಂಡ ನೋವಿನ ಮೂಲ ಎಷ್ಟೋ ಸಲ ಒಂದೇ ಆಗಿರುತ್ತದೆ. ಒಂದೇ ಸಂಸ್ಥೆಯ ನಾಲ್ವರು ನೌಕರರು ನಿದ್ದೆ ಬಾರದೆ, ಎದೆ ಬಡಿತ ತಾಳದೆ ಸಮಾಲೋಚನೆಗೆ ಬರುತ್ತಿದ್ದಾರೆ ಎಂದುಕೊಳ್ಳಿ. ನಾಲ್ವರಿಗೂ ಉಸಿರಾಟದ ಅಭ್ಯಾಸ ಕಲಿಸಿ ಕಳಿಸಬಹುದು, ಅದರಿಂದ ಉಪಶಮನವೂ ಸಿಗುತ್ತದೆ. ಆದರೆ ಅವರ ಪಾಳಿಯ ವೇಳಾಪಟ್ಟಿ ಹಿಂದಿನ ರಾತ್ರಿಯಷ್ಟೇ ಪ್ರಕಟವಾಗುತ್ತದೆ, ರಜೆ ಕೇಳಿದವರ ಹೆಸರು ಗೋಡೆಯ ಮೇಲೆ ಅಂಟುತ್ತದೆ ಎಂಬುದು ಗೊತ್ತಾದ ಮೇಲೂ ಚಿಕಿತ್ಸೆಯನ್ನು ಉಸಿರಾಟಕ್ಕೆ ಸೀಮಿತಗೊಳಿಸಿದರೆ, ‘ತೊಂದರೆ ಇರುವುದು ನಿಮ್ಮಲ್ಲಿ’ ಎಂದು ನಾಲ್ವರಿಗೂ ಬಾಯಿಬಿಡದೆ ಹೇಳಿದಂತಾಗುತ್ತದೆ.

ಆದ್ದರಿಂದ ವಕಾಲತ್ತನ್ನು ಚಿಕಿತ್ಸೆಗೆ ಹೊರಗಿನಿಂದ ಸೇರಿಸಿದ ಸಮಾಜಸೇವೆ ಎಂದು ನಾನು ತಿಳಿಯುವುದಿಲ್ಲ. ನೋವಿನ ಕಾರಣವನ್ನು ಸರಿಯಾಗಿ ಗುರುತಿಸುವಲ್ಲಿಂದಲೇ ಅದು ಆರಂಭವಾಗುತ್ತದೆ. ಕಾರಣವನ್ನು ತಪ್ಪಾಗಿ ಗುರುತಿಸಿದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕಷ್ಟು ಪಾಠಗಳಿವೆ. 1851ರಲ್ಲಿ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡುವ ಕಪ್ಪು ಜನರ ಬಯಕೆಗೆ ‘ಡ್ರಾಪಿಟೋಮೇನಿಯಾ’ ಎಂಬ ಹೆಸರಿಟ್ಟು ಅದನ್ನು ಮನೋರೋಗವೆಂದು ವಾದಿಸಿದರು. ಬಿಡುಗಡೆ ಬಯಸುವ ಮನುಷ್ಯ ಅವರ ಕಣ್ಣಿಗೆ ರೋಗಿಯಾಗಿ ಕಂಡ, ಸಂಕೋಲೆ ಮಾತ್ರ ಕಾಣಲಿಲ್ಲ.

ಅಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 1952ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಮೊದಲ ಆವೃತ್ತಿಯಲ್ಲಿ ಸಲಿಂಗಾಸಕ್ತಿ ಮನೋವಿಕಾರಗಳ ಸಾಲಿನಲ್ಲಿತ್ತು. ಸಲಿಂಗಾಸಕ್ತ ಪುರುಷರ ಮತ್ತು ಇತರ ಪುರುಷರ ಮನೋಪರೀಕ್ಷೆಗಳ ಫಲಿತಾಂಶಗಳನ್ನು ಮುಂದಿಟ್ಟಾಗ ಯಾರು ಯಾರೆಂದು ತಜ್ಞರಿಗೇ ಬೇರ್ಪಡಿಸಲಾಗಲಿಲ್ಲ ಎಂಬುದನ್ನು ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್ 1957ರಲ್ಲಿ ತೋರಿಸಿದ್ದರು. ಆದರೂ ಆ ಹೆಸರು ಪಟ್ಟಿಯಿಂದ ಹೊರಬಂದದ್ದು 1973ರ ಡಿಸೆಂಬರಿನಲ್ಲಿ. ಸಂಶೋಧನೆಯೊಂದೇ ಸಾಲಲಿಲ್ಲ. ಬಾಧಿತರೇ ವೃತ್ತಿಯ ಸಮಾವೇಶಗಳಿಗೆ ನುಗ್ಗಿ ಪ್ರಶ್ನೆ ಕೇಳಬೇಕಾಯಿತು, ವೃತ್ತಿಯ ಒಳಗಿದ್ದವರು ಅವರ ಜೊತೆಗೂಡಬೇಕಾಯಿತು. ಅಷ್ಟೂ ವರ್ಷ ಈ ಜನರನ್ನು ‘ಸರಿಪಡಿಸಲು’ ಕೂತಿದ್ದ ಚಿಕಿತ್ಸಕರಲ್ಲಿ ಒಳ್ಳೆಯ ಕೇಳುಗರೂ ಇದ್ದಿರಲೇಬೇಕು ಎಂಬ ಯೋಚನೆ ನನ್ನನ್ನು ಇಂದಿಗೂ ಕಾಡುತ್ತದೆ.

ಇದು ಇತ್ತೀಚೆಗೆ ಬಂದ ಹೊಸ ಹುರುಪಲ್ಲವೇ?

ಹೆಸರು ಹೊಸದು, ಕೆಲಸ ಹಳೆಯದು. ವೃತ್ತಿ ಮಾರ್ಗದರ್ಶನದ ಪ್ರವರ್ತಕರೆಂದು ಹೆಸರಾದ ಫ್ರಾಂಕ್ ಪಾರ್ಸನ್ಸ್ 1908ರಲ್ಲಿ ಬಾಸ್ಟನ್ನಿನಲ್ಲಿ ಮಾರ್ಗದರ್ಶನ ಕೇಂದ್ರ ತೆರೆದಾಗ ಅವರೆದುರು ಇದ್ದವರು ವಲಸಿಗರು, ಕೆಲಸ ಹುಡುಕುತ್ತಿದ್ದ ಬಡ ಯುವಕ ಯುವತಿಯರು. ಪಾರ್ಸನ್ಸ್ ಸ್ವತಃ ಸಮಾಜ ಸುಧಾರಕರಾಗಿದ್ದರು. ಅದೇ 1908ರಲ್ಲಿ ಕ್ಲಿಫರ್ಡ್ ಬೀಯರ್ಸ್ ಮಾನಸಿಕ ಆಸ್ಪತ್ರೆಗಳಲ್ಲಿ ತಾವು ಉಂಡ ಕ್ರೌರ್ಯವನ್ನು ಬರೆದು ಪ್ರಕಟಿಸಿದರು, ಮರುವರ್ಷವೇ ಸುಧಾರಣೆಗಾಗಿ ರಾಷ್ಟ್ರೀಯ ಸಮಿತಿಯೊಂದನ್ನು ಕಟ್ಟಿದರು. ರೋಗಿಯಾಗಿದ್ದವರೇ ವಕಾಲತ್ತಿಗೆ ನಿಂತ ಆ ಉದಾಹರಣೆ ನನಗೆ ಬಹಳ ಮುಖ್ಯವೆನಿಸುತ್ತದೆ.

ನಡುವಿನ ದಶಕಗಳಲ್ಲಿ ವೃತ್ತಿಯ ಗಮನ ಬಹುಪಾಲು ವ್ಯಕ್ತಿಯ ಒಳಜಗತ್ತಿಗೆ ತಿರುಗಿತು. ಬೇರೆ ನೆಲಗಳಿಂದ ಬಂದ ಚಿಂತನೆಗಳು ಅದನ್ನು ಮತ್ತೆ ಹೊರಕ್ಕೆ ಎಳೆದವು. 1953ರಿಂದ ಅಲ್ಜೀರಿಯದ ಬ್ಲಿಡಾ ಆಸ್ಪತ್ರೆಯಲ್ಲಿ ಮನೋವೈದ್ಯರಾಗಿದ್ದ ಫ್ರಾಂಟ್ಜ್ ಫ್ಯಾನನ್, ವಸಾಹತು ಆಳ್ವಿಕೆ ದಿನವೂ ಮನಸ್ಸುಗಳನ್ನು ಮುರಿಯುತ್ತಿರುವಾಗ ಅವುಗಳನ್ನು ದುರಸ್ತಿ ಮಾಡಿ ಮತ್ತೆ ಅದೇ ಆಳ್ವಿಕೆಗೆ ಒಪ್ಪಿಸುವ ಕೆಲಸ ತಮ್ಮಿಂದಾಗದೆಂದು 1956ರಲ್ಲಿ ರಾಜೀನಾಮೆ ಕೊಟ್ಟರು. ಎಲ್ ಸಾಲ್ವಡೋರಿನಲ್ಲಿ, ಜನರ ನೋವನ್ನು ಅವರನ್ನು ತುಳಿಯುವ ವ್ಯವಸ್ಥೆಯೊಂದಿಗೆ ಸೇರಿಸಿ ನೋಡುವ ‘ವಿಮೋಚನಾ ಮನೋವಿಜ್ಞಾನ’ವನ್ನು ಕಟ್ಟಿದ ಪಾದ್ರಿ, ಮನಶ್ಶಾಸ್ತ್ರಜ್ಞ ಇಗ್ನಾಸಿಯೋ ಮಾರ್ಟಿನ್ ಬಾರೋ ಅವರನ್ನು 1989ರ ನವೆಂಬರ್ 16ರಂದು ಸೈನಿಕರು ವಿಶ್ವವಿದ್ಯಾಲಯದ ಆವರಣದಲ್ಲೇ ಕೊಂದರು. ಅಮೆರಿಕದ ಸಮಾಲೋಚಕರ ನಡುವೆ 1992ರಲ್ಲಿ ಬಹುಸಂಸ್ಕೃತಿ ಸಾಮರ್ಥ್ಯಗಳ (ಬೇರೆ ಬೇರೆ ಸಂಸ್ಕೃತಿಯವರೊಡನೆ ಕೆಲಸ ಮಾಡಲು ಸಮಾಲೋಚಕರಲ್ಲಿ ಇರಬೇಕಾದ ಅರಿವು ಮತ್ತು ಕೌಶಲಗಳ) ಪಟ್ಟಿ, 1999ರಲ್ಲಿ ಸಾಮಾಜಿಕ ನ್ಯಾಯಕ್ಕಾಗಿಯೇ ‘ಕೌನ್ಸೆಲರ್ಸ್ ಫಾರ್ ಸೋಶಿಯಲ್ ಜಸ್ಟಿಸ್’ ಎಂಬ ಸಂಘಟನೆ ಬಂದವು. ಮನೋವಿಶ್ಲೇಷಣೆ, ವರ್ತನಾವಾದ, ಮಾನವತಾವಾದ ಮತ್ತು ಬಹುಸಂಸ್ಕೃತಿ ದೃಷ್ಟಿಯ ನಂತರ ಸಾಮಾಜಿಕ ನ್ಯಾಯವನ್ನು ಈ ವೃತ್ತಿಯ ‘ಐದನೆಯ ಶಕ್ತಿ’ ಎಂದು ಕೆಲವರು ಕರೆಯುತ್ತಾರೆ.

ವೃತ್ತಿಯ ನೀತಿ ಸಂಹಿತೆಯಲ್ಲಿ ಇದಕ್ಕೆ ಜಾಗವಿದೆಯೇ?

ಇದೆ. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ನಿನ 2014ರ ಸಂಹಿತೆ ತನ್ನ ಪೀಠಿಕೆಯಲ್ಲಿ ಐದು ಮೂಲ ಮೌಲ್ಯಗಳನ್ನು ಹೆಸರಿಸುತ್ತದೆ. ಸಾಮಾಜಿಕ ನ್ಯಾಯದ ಪೋಷಣೆ ಅವುಗಳಲ್ಲಿ ಒಂದು, ಸಮಾಲೋಚಕ ಮತ್ತು ಸಹಾಯಾರ್ಥಿಯ ನಡುವಣ ಸಂಬಂಧದ ಪಾವಿತ್ರ್ಯವನ್ನು ಕಾಪಾಡುವುದು ಇನ್ನೊಂದು. ಎರಡೂ ಅಕ್ಕಪಕ್ಕದಲ್ಲೇ ಇವೆ, ಒಂದನ್ನು ಬಲಿಕೊಟ್ಟು ಇನ್ನೊಂದನ್ನು ಸಾಧಿಸುವ ಹಾಗಿಲ್ಲ. ಸಹಾಯಾರ್ಥಿಗಳ ಬೆಳವಣಿಗೆಗೆ ಅಡ್ಡಿಯಾಗಬಹುದಾದ ತೊಡಕುಗಳನ್ನು ಸೂಕ್ತವೆನಿಸಿದಾಗ ವ್ಯಕ್ತಿ, ಗುಂಪು, ಸಂಸ್ಥೆ ಮತ್ತು ಸಮಾಜದ ಮಟ್ಟಗಳಲ್ಲಿ ಎದುರಿಸಬೇಕೆಂದು ಅದು ಹೇಳುತ್ತದೆ. ಕೆಲವು ಜನವರ್ಗಗಳಿಗೆ ತಪ್ಪಾಗಿ ರೋಗದ ಹಣೆಪಟ್ಟಿ ಹಚ್ಚಿದ ಪೂರ್ವಗ್ರಹದ ಚರಿತ್ರೆಯನ್ನು ರೋಗನಿರ್ಣಯ ಮಾಡುವವರು ಅರಿತಿರಬೇಕೆಂಬ ಮಾತೂ ಅದೇ ಸಂಹಿತೆಯಲ್ಲಿದೆ.

ವಕಾಲತ್ತು ಯಾವ ಯಾವ ಹಂತಗಳಲ್ಲಿ ನಡೆಯುತ್ತದೆ?

ಅದೇ ಸಂಘ 2003ರಲ್ಲಿ ಒಪ್ಪಿಕೊಂಡು 2018ರಲ್ಲಿ ಪರಿಷ್ಕರಿಸಿದ ವಕಾಲತ್ತಿನ ಸಾಮರ್ಥ್ಯಗಳ ಚೌಕಟ್ಟು ಇದಕ್ಕೆ ಉಪಯುಕ್ತ ನಕ್ಷೆ. ಅದರಲ್ಲಿ ವ್ಯಕ್ತಿ, ಸಮುದಾಯ ಅಥವಾ ಸಂಸ್ಥೆ, ವಿಶಾಲ ಸಾರ್ವಜನಿಕ ವಲಯ ಎಂಬ ಮೂರು ಮಟ್ಟಗಳಿವೆ. ಪ್ರತಿ ಮಟ್ಟದಲ್ಲಿಯೂ ಬಾಧಿತರ ಜೊತೆಯಲ್ಲಿ ಮಾಡುವ ಕೆಲಸ, ಅವರ ಪರವಾಗಿ ಮಾಡುವ ಕೆಲಸ ಎಂದು ಎರಡು ಬಗೆ. ಹೀಗೆ ಆರು ಕ್ಷೇತ್ರಗಳಾಗುತ್ತವೆ. ಸಹಾಯಾರ್ಥಿ ತನ್ನ ಹಕ್ಕನ್ನು ತಾನೇ ಕೇಳುವಂತೆ ಅಣಿಗೊಳಿಸುವುದು ಒಂದು ತುದಿಯಾದರೆ, ಸಾರ್ವಜನಿಕ ನೀತಿ ಬದಲಾಗಲೆಂದು ಶಾಸನ ರೂಪಿಸುವವರ ಮುಂದೆ ವಾದ ಮಂಡಿಸುವುದು ಇನ್ನೊಂದು ತುದಿ. ಒಬ್ಬರೇ ಆರೂ ಕ್ಷೇತ್ರಗಳಲ್ಲಿ ದುಡಿಯಬೇಕೆಂದು ಯಾರೂ ಹೇಳುವುದಿಲ್ಲ.

‘ಜೊತೆಯಲ್ಲಿ’ ಮತ್ತು ‘ಪರವಾಗಿ’ ಎಂಬುದರ ನಡುವೆ ಆಯ್ಕೆ ಮಾಡುವುದು ಹೇಗೆ?

ನನ್ನ ತಿಳಿವಳಿಕೆಯಲ್ಲಿ ಈ ಕೆಲಸದ ಅತಿ ನಾಜೂಕಾದ ಭಾಗ ಇದೇ. ಸದುದ್ದೇಶದ ಸಮಾಲೋಚಕರು ಹೆಚ್ಚಾಗಿ ಎಡವುವುದೂ ಇಲ್ಲೇ.

ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಅಪಘಾತದ ನಂತರ ಗಾಲಿಕುರ್ಚಿ ಬಳಸುತ್ತಿರುವ ಮಹಿಳೆಯೊಬ್ಬರನ್ನು ಕಾಲೇಜು ಮೂರನೆಯ ಮಹಡಿಯ ತರಗತಿಗೆ ಹಾಕಿದೆ. ಲಿಫ್ಟ್ ಕೆಟ್ಟು ತಿಂಗಳುಗಳಾಗಿವೆ. ಅವರು ಸಮಾಲೋಚನೆಗೆ ಬಂದದ್ದು ‘ಓದಿನಲ್ಲಿ ಆಸಕ್ತಿ ಹೋಗಿದೆ’ ಎಂಬ ದೂರಿನೊಂದಿಗೆ. ನಾಲ್ಕನೆಯ ಭೇಟಿಯಲ್ಲಿ ಕಾಲೇಜಿಗೆ ಪತ್ರ ಬರೆಯುವ ಮಾತು ಬರುತ್ತದೆ. ಸಮಾಲೋಚಕರು ಅಂದು ರಾತ್ರಿಯೇ ಕರಡು ಸಿದ್ಧಪಡಿಸಿ ಮುಂದಿನ ಭೇಟಿಯಲ್ಲಿ ಮೇಜಿನ ಮೇಲಿಡುತ್ತಾರೆ. ಆಕೆ ಓದುತ್ತಾ ಹೋಗಿ, ಪೆನ್ನು ಕೇಳಿ ಪಡೆದು, ಎರಡನೆಯ ಸಾಲಿನಲ್ಲಿದ್ದ ‘ಅಸಹಾಯಕ ಸ್ಥಿತಿಯಲ್ಲಿರುವ’ ಎಂಬ ಮಾತನ್ನು ಹೊಡೆದುಹಾಕುತ್ತಾರೆ. ‘ದಯವಿಟ್ಟು ಸಹಾನುಭೂತಿಯಿಂದ ಪರಿಗಣಿಸಬೇಕು’ ಎಂಬ ಕೊನೆಯ ಸಾಲನ್ನೂ ಹೊಡೆದು, ಆ ಜಾಗದಲ್ಲಿ ‘ತರಗತಿಯನ್ನು ನೆಲಮಹಡಿಗೆ ಬದಲಿಸಿ’ ಎಂದು ಬರೆಯುತ್ತಾರೆ. ಆಮೇಲೆ, ಇದಕ್ಕೆ ನಾನೇ ಸಹಿ ಹಾಕುತ್ತೇನೆ, ನಿಮ್ಮ ಪತ್ರವನ್ನು ಬೇರೆಯಾಗಿ ಲಗತ್ತಿಸೋಣ ಎನ್ನುತ್ತಾರೆ.

ಕರಡಿನ ಮೇಲೆ ಬಿದ್ದ ಆ ಎರಡು ಗೀಟುಗಳಲ್ಲಿ ಹಲವು ಭೇಟಿಗಳ ಕೆಲಸವಿದೆ. ಸಮಾಲೋಚಕರು ತಾವೇ ಸಹಿ ಹಾಕಿ ಪತ್ರ ಕಳಿಸಿಬಿಟ್ಟಿದ್ದರೆ ತರಗತಿ ಕೆಳಗೆ ಬರುತ್ತಿತ್ತೇನೋ, ಆದರೆ ಆಕೆ ಅಸಹಾಯಕಳೆಂಬ ಮಾತು ಆಕೆಯ ಸಹಾಯಕರ ಕೈಬರಹದಲ್ಲೇ ಕಡತ ಸೇರುತ್ತಿತ್ತು. ಇದರರ್ಥ ಸದಾ ಹಿಂದೆ ನಿಲ್ಲಬೇಕೆಂದಲ್ಲ. ಸಹಾಯಾರ್ಥಿ ಚಿಕ್ಕ ಮಗುವಾಗಿರುವಾಗ, ದೂರು ಕೊಟ್ಟವರ ಮೇಲೆ ಸೇಡು ತೀರುವ ಭಯ ನಿಜವಾಗಿರುವಾಗ, ಅಥವಾ ಎದುರಿನ ಬಾಗಿಲು ವೃತ್ತಿಪರರ ಮಾತಿಗಷ್ಟೇ ತೆರೆಯುವಾಗ ಮುಂದೆ ನಿಲ್ಲಬೇಕಾಗುತ್ತದೆ. ಹಾಗೆ ನಿಲ್ಲುವ ಮೊದಲು ‘ಈ ಕೆಲಸವನ್ನು ಇವರು ತಾವೇ ಮಾಡಬಲ್ಲರೇ? ನಾನು ಅವಸರ ಮಾಡುತ್ತಿರುವುದು ಅವರಿಗಾಗಿಯೋ, ನನ್ನ ಕಳವಳ ತಣಿಸಿಕೊಳ್ಳಲೋ?’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಸಮಾಲೋಚಕರ ಸ್ವಂತ ಹಿನ್ನೆಲೆಗೆ ಇದರಲ್ಲಿ ಏನು ಪಾತ್ರ?

2015ರಲ್ಲಿ ರೂಪುಗೊಂಡ ಬಹುಸಂಸ್ಕೃತಿ ಮತ್ತು ಸಾಮಾಜಿಕ ನ್ಯಾಯದ ಸಮಾಲೋಚನಾ ಸಾಮರ್ಥ್ಯಗಳು ಇದನ್ನೇ ಕೇಂದ್ರಕ್ಕೆ ತಂದವು. ಸಮಾಲೋಚಕರೂ ಸಹಾಯಾರ್ಥಿಯೂ ಸವಲತ್ತಿನ ಸ್ಥಾನದಲ್ಲಿರಬಹುದು, ಇಬ್ಬರೂ ಅಂಚಿನಲ್ಲಿರಬಹುದು, ಅಥವಾ ಒಬ್ಬರು ಇತ್ತ, ಇನ್ನೊಬ್ಬರು ಅತ್ತ ಇರಬಹುದು. ಒಬ್ಬನೇ ಮನುಷ್ಯ ಲಿಂಗದಿಂದ ಸವಲತ್ತು ಪಡೆದು, ಜಾತಿಯಿಂದಲೋ ವರ್ಣದಿಂದಲೋ ಬಡತನದಿಂದಲೋ ಅಂಚಿಗೆ ಸರಿದಿರುವುದೂ ಸಾಮಾನ್ಯ. ಹೀಗಾಗಿ ಈ ಲೆಕ್ಕವನ್ನು ಮೊದಲ ದಿನ ಹಾಕಿ ಮುಗಿಸಲಾಗುವುದಿಲ್ಲ. ಅಂಚಿನ ಹಿನ್ನೆಲೆಯಿಂದ ಬಂದ ಸಮಾಲೋಚಕರಿಗೂ ಇಲ್ಲಿ ಎಚ್ಚರಿಕೆಯ ಮಾತಿದೆ. ‘ನನಗೂ ಹೀಗೇ ಆಗಿತ್ತು’ ಎಂಬ ಆಪ್ತಭಾವ ಎದುರಿರುವವರ ಅನುಭವದ ಬೇರೆತನವನ್ನು ಮುಚ್ಚಿಬಿಡಬಲ್ಲದು.

ಸಮಾಲೋಚಕರು ತಮ್ಮ ರಾಜಕೀಯವನ್ನು ಸಹಾಯಾರ್ಥಿಯ ಮೇಲೆ ಹೇರಿದಂತಾಗುವುದಿಲ್ಲವೇ?

ಆಗಬಹುದು. ವೃತ್ತಿಯ ಒಳಗಿನಿಂದಲೇ ಈ ಟೀಕೆ ಬಂದಿದೆ, ಅದನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸಹಾಯಾರ್ಥಿ ಒಂದು ಮಾತು ಹೇಳುವ ಮೊದಲೇ ಅವರನ್ನು ಯಾವುದೋ ಗುಂಪಿನ ಪ್ರತಿನಿಧಿಯಾಗಿ ನೋಡುವುದು, ದಾಂಪತ್ಯದ ಬೇಗುದಿ ಹೇಳಿಕೊಳ್ಳಲು ಬಂದವರಿಗೆ ವ್ಯವಸ್ಥೆಯ ವಿಶ್ಲೇಷಣೆ ಒಪ್ಪಿಸುವುದು, ತಮ್ಮಂತೆ ಯೋಚಿಸದವರ ಬಗ್ಗೆ ಒಳಗೊಳಗೇ ಅಸಹನೆ ಬೆಳೆಸಿಕೊಳ್ಳುವುದು, ಇವೆಲ್ಲ ನಿಜವಾದ ಅಪಾಯಗಳು. ತಮ್ಮ ಮೌಲ್ಯಗಳನ್ನು ಸಹಾಯಾರ್ಥಿಯ ಮೇಲೆ ಹೇರಬಾರದೆಂದು ನೀತಿ ಸಂಹಿತೆಯೂ ಸ್ಪಷ್ಟವಾಗಿ ಹೇಳುತ್ತದೆ.

ಆದರೆ ಹೇರುವುದಕ್ಕೂ ಗುರುತಿಸುವುದಕ್ಕೂ ವ್ಯತ್ಯಾಸವಿದೆ. ‘ಆ ಮೇಲಧಿಕಾರಿ ನಿಮ್ಮ ಸಹೋದ್ಯೋಗಿಗಳನ್ನು ಹೇಗೆ ಮಾತನಾಡಿಸುತ್ತಾರೆ?’ ಎಂದು ಕೇಳುವುದು ಪ್ರಶ್ನೆ. ‘ನೀವು ಶೋಷಣೆಗೆ ಒಳಗಾಗಿದ್ದೀರಿ, ಪ್ರತಿಭಟಿಸಿ’ ಎಂದು ಹೇಳುವುದು ತೀರ್ಪು. ಮೊದಲನೆಯದು ಸಹಾಯಾರ್ಥಿಯ ಕೈಗೆ ಇನ್ನೊಂದು ಕನ್ನಡಿ ಕೊಡುತ್ತದೆ, ಅದರಲ್ಲಿ ಏನು ಕಾಣುತ್ತದೆಂದು ಹೇಳಬೇಕಾದವರು ಅವರೇ. ಮೌನಕ್ಕೂ ಪಕ್ಷವಿರುತ್ತದೆ ಎಂಬುದನ್ನು ಮಾತ್ರ ಸೇರಿಸಬಯಸುತ್ತೇನೆ. ತಾರತಮ್ಯವನ್ನು ವಿವರಿಸುತ್ತಿರುವ ವ್ಯಕ್ತಿಗೆ ‘ನಿಮ್ಮ ಪ್ರತಿಕ್ರಿಯೆಯ ಬಗ್ಗೆ ಮಾತಾಡೋಣ’ ಎಂದು ಪದೇ ಪದೇ ಹೇಳಿದರೆ ಅದನ್ನು ಅವರು ತಟಸ್ಥತೆಯೆಂದು ಕೇಳಿಸಿಕೊಳ್ಳುವುದಿಲ್ಲ.

ಸಹಾಯಾರ್ಥಿಯೇ ವಕಾಲತ್ತು ಬೇಡವೆಂದರೆ?

ಬೇಡ ಎಂದರೆ ಬೇಡ. ಅವರ ಹೆಸರಿನಲ್ಲಿ, ಅವರ ಗುರುತು ಸಿಗುವಂತೆ ಒಂದು ಹೆಜ್ಜೆಯನ್ನೂ ಇಡುವ ಹಾಗಿಲ್ಲ.

ಗೋಪ್ಯತೆಯ ಗತಿಯೇನು?

ಗುರುತಿಸಬಹುದಾದ ಸಹಾಯಾರ್ಥಿಯ ಪರವಾಗಿ ಕೆಲಸ ಮಾಡುವ ಮುನ್ನ ಅವರ ಒಪ್ಪಿಗೆ ಪಡೆಯಲೇಬೇಕೆಂದು 2014ರ ಸಂಹಿತೆ ವಿಧಿಸುತ್ತದೆ. ಒಪ್ಪಿಗೆ ಎಂದರೆ ಒಮ್ಮೆ ತಲೆಯಾಡಿಸುವುದಲ್ಲ. ಯಾರ ಮುಂದೆ, ಯಾವ ಸಂಗತಿ, ಎಷ್ಟರ ಮಟ್ಟಿಗೆ ಹೇಳಲಾಗುತ್ತದೆ, ಅದರಿಂದ ಆಗಬಹುದಾದ ತೊಂದರೆಯೇನು, ಮಧ್ಯದಲ್ಲಿ ಹಿಂದೆ ಸರಿಯುವುದು ಹೇಗೆ ಎಂಬುದೆಲ್ಲ ಅದರಲ್ಲಿ ಬರಬೇಕು. ಹೆಸರು ಬಿಟ್ಟರೆ ಸಾಕೆಂಬ ನಂಬಿಕೆಯೂ ಅಪಾಯಕಾರಿ. ಚಿಕ್ಕ ಸಂಸ್ಥೆಯಲ್ಲಿ ‘ರಾತ್ರಿ ಪಾಳಿಯ ಒಬ್ಬ ಗರ್ಭಿಣಿ’ ಎಂದರೆ ಹೆಸರು ಹೇಳಿದಷ್ಟೇ ಆಯಿತು. ಹಲವರಿಂದ ಒಂದೇ ದೂರು ಕೇಳಿಬಂದಾಗ ಯಾವ ವ್ಯಕ್ತಿಯ ಕಥೆಯನ್ನೂ ಎತ್ತದೆ ನಿಯಮದ ದೋಷವನ್ನಷ್ಟೇ ಮುಂದಿಡುವುದು ಹೆಚ್ಚು ಸುರಕ್ಷಿತ.

ಶಾಲೆಯ ಸಮಾಲೋಚಕರಿಗೆ ಇದು ಅನ್ವಯಿಸುತ್ತದೆಯೇ?

ಬಹುಶಃ ಎಲ್ಲರಿಗಿಂತ ಹೆಚ್ಚಾಗಿ. ಯಾವ ಮಕ್ಕಳು ಮತ್ತೆ ಮತ್ತೆ ತರಗತಿಯಿಂದ ಹೊರಗೆ ನಿಲ್ಲುತ್ತಾರೆ, ಯಾರನ್ನು ಕಠಿಣ ವಿಷಯಗಳಿಂದ ದೂರ ಇಡಲಾಗುತ್ತದೆ, ಯಾರ ಹಾಜರಿ ಯಾವ ವಾರಗಳಲ್ಲಿ ಕುಸಿಯುತ್ತದೆ ಎಂಬ ಮಾಹಿತಿ ಶಾಲೆಯ ಕಡತಗಳಲ್ಲೇ ಇರುತ್ತದೆ. ಅದನ್ನು ಕೂಡಿಸಿ ನೋಡುವ ಅವಕಾಶವೂ ತರಬೇತಿಯೂ ಸಮಾಲೋಚಕರಿಗಿದೆ. ಅಮೆರಿಕನ್ ಸ್ಕೂಲ್ ಕೌನ್ಸೆಲರ್ ಅಸೋಸಿಯೇಷನ್ 2003ರಲ್ಲಿ ಹೊರತಂದ ರಾಷ್ಟ್ರೀಯ ಮಾದರಿ ನಾಯಕತ್ವ, ವಕಾಲತ್ತು, ಸಹಯೋಗ ಮತ್ತು ವ್ಯವಸ್ಥೆಯ ಬದಲಾವಣೆ ಎಂಬ ನಾಲ್ಕು ಎಳೆಗಳನ್ನು ಇಟ್ಟುಕೊಂಡದ್ದು ಇದೇ ಕಾರಣಕ್ಕೆ. ತರಗತಿಯಲ್ಲಿ ನಿದ್ದೆ ತೂಗುವ ಹುಡುಗನನ್ನು ಶಿಸ್ತಿನ ಸಮಸ್ಯೆಯೆಂದು ಕಳಿಸಲಾಗುತ್ತದೆ. ನಸುಕಿನಲ್ಲಿ ಎದ್ದು ದುಡಿದು ಬರುವ ಹುಡುಗ ಅವನೆಂದು ತಿಳಿಯಲು ಯಾರಾದರೂ ಅವನ ದಿನಚರಿಯನ್ನು ಗಂಟೆ ಗಂಟೆಯಾಗಿ ಕೇಳಬೇಕಾಗುತ್ತದೆ.

ನಾನು ಕೆಲಸ ಮಾಡುವ ಸಂಸ್ಥೆಯೇ ಅಡ್ಡಿಯಾಗಿದ್ದರೆ?

ಮೊದಲು ನೋಡಬೇಕಾದದ್ದು ಅದನ್ನೇ. ಕಿವಿ ಕೇಳದ ಯುವಕನೊಬ್ಬ ಸಮಾಲೋಚನೆಗೆ ಬಂದಾಗ ಸಂಸ್ಥೆಯಲ್ಲಿ ಸಂಕೇತ ಭಾಷೆಯ ದುಭಾಷಿ ಇಲ್ಲದೆ ಅವನ ಅಕ್ಕನನ್ನೇ ಮಧ್ಯೆ ಕೂರಿಸಿದರೆ, ಅಕ್ಕನ ಬಗ್ಗೆಯೇ ಇರುವ ನೋವನ್ನು ಅವನು ಯಾವ ಕೈಯಿಂದ ಹೇಳಿಯಾನು? ಕೂಲಿ ಬಿಟ್ಟು ಬರಲಾಗದವರಿಗೆ ಕಚೇರಿ ವೇಳೆಯಲ್ಲಷ್ಟೇ ಭೇಟಿ ಕೊಡುವುದು, ಅರ್ಜಿಯ ಲಿಂಗದ ಕಾಲಂನಲ್ಲಿ ಎರಡೇ ಚೌಕಗಳನ್ನಿಡುವುದು, ಎರಡು ಭೇಟಿ ತಪ್ಪಿಸಿಕೊಂಡವರನ್ನು ‘ಸಹಕರಿಸದವರು’ ಎಂದು ಕೈಬಿಡುವುದು, ಇವುಗಳನ್ನು ಬದಲಿಸಲು ಶಾಸನ ಸಭೆಗೆ ಹೋಗಬೇಕಿಲ್ಲ, ಸಿಬ್ಬಂದಿ ಸಭೆಯಲ್ಲಿ ಬಾಯಿ ತೆರೆದರೆ ಸಾಕು.

ದೋಷ ಇನ್ನೂ ಆಳವಾಗಿದ್ದರೆ ಸಂಹಿತೆ ಒಂದು ಕ್ರಮವನ್ನು ಸೂಚಿಸುತ್ತದೆ. ಅನುಚಿತ ನೀತಿಯನ್ನು ಮಾಲೀಕರ ಗಮನಕ್ಕೆ ತರಬೇಕು, ಒಳಗಿನಿಂದ ರಚನಾತ್ಮಕವಾಗಿ ಬದಲಿಸಲು ಯತ್ನಿಸಬೇಕು. ಸಹಾಯಾರ್ಥಿಗಳಿಗೆ ಹಾನಿಯಾಗುವಂತಿದ್ದು ಬದಲಾವಣೆ ಅಸಾಧ್ಯವಾದರೆ ಮಾನ್ಯತೆ ನೀಡುವ ಸಂಸ್ಥೆಗಳ ಮೊರೆ ಹೋಗುವುದು, ಕೆಲಸ ಬಿಡುವುದು ಮುಂತಾದ ಮುಂದಿನ ಹೆಜ್ಜೆಗಳಿವೆ. ಮನೆ ನಡೆಸಬೇಕಾದವರಿಗೆ ಈ ಕೊನೆಯ ಮಾತು ಎಷ್ಟು ಭಾರವೆಂದು ನನಗೆ ಗೊತ್ತು. ಒಬ್ಬರೇ ಹೋಗುವ ಬದಲು ಸಹೋದ್ಯೋಗಿಗಳ ಜೊತೆಗೂಡಿ, ನಡೆದದ್ದನ್ನೆಲ್ಲ ಬರಹದಲ್ಲಿಟ್ಟು, ಅನುಭವಿ ಮೇಲ್ವಿಚಾರಕರೊಡನೆ ಚರ್ಚಿಸಿ ಮುಂದುವರಿಯುವುದು ವಿವೇಕ.

ಇಷ್ಟೆಲ್ಲ ಹೊತ್ತುಕೊಂಡರೆ ಸಮಾಲೋಚಕರೇ ಬಸವಳಿಯುವುದಿಲ್ಲವೇ?

ಬಸವಳಿಯುತ್ತಾರೆ, ವಿಶೇಷವಾಗಿ ತಾವೇ ಆ ಅನ್ಯಾಯವನ್ನು ಉಂಡವರು. ಆದರೆ ಪ್ರತಿದಿನ ಅದೇ ಕಾರಣದಿಂದ ಗಾಯಗೊಂಡವರನ್ನು ನೋಡುತ್ತಾ ಕಾರಣದ ಬಗ್ಗೆ ಏನೂ ಮಾಡಲಾಗದೆ ಕೂರುವುದೂ ಅಷ್ಟೇ ದಣಿಸುತ್ತದೆ. ಒಂದು ಸಮಯಕ್ಕೆ ಒಂದೇ ಅಡ್ಡಿಯನ್ನು ಕೈಗೆತ್ತಿಕೊಳ್ಳುವುದು, ಮೊದಲೇ ಆ ಕೆಲಸದಲ್ಲಿರುವ ಸಮುದಾಯ ಸಂಘಟನೆಗಳ ಹಿಂದೆ ನಿಂತು ನೆರವಾಗುವುದು, ತಮ್ಮ ಚಿಕಿತ್ಸೆಯ ವೇಳೆಯನ್ನು ಇದಕ್ಕಾಗಿ ಕತ್ತರಿಸದಿರುವುದು ಹೆಚ್ಚು ಕಾಲ ಬಾಳುವ ದಾರಿ.

ನಾನು ಸಮಾಲೋಚಕನಲ್ಲ, ಸಹಾಯಾರ್ಥಿ. ನನ್ನ ಸಮಾಲೋಚಕರಲ್ಲಿ ನಾನು ಏನು ಕೇಳಬಹುದು?

ಮೊದಲ ಒಂದೆರಡು ಭೇಟಿಗಳಲ್ಲೇ ನೇರವಾಗಿ ಕೇಳಬಹುದು. ‘ನನ್ನ ತೊಂದರೆಯ ಒಂದು ಭಾಗ ನನ್ನ ಕೆಲಸದ ಜಾಗದಲ್ಲಿದೆ, ಅದರ ಬಗ್ಗೆ ನೀವು ಏನು ಮಾಡಬಲ್ಲಿರಿ, ಏನು ಮಾಡಲಾರಿರಿ?’ ಎಂಬುದು ಸಂಪೂರ್ಣ ಸರಿಯಾದ ಪ್ರಶ್ನೆ. ನಿಮ್ಮ ಬಗ್ಗೆ ಹೊರಗೆ ಹೋಗುವ ಯಾವುದೇ ಪತ್ರವನ್ನು ಕಳಿಸುವ ಮುನ್ನ ಓದಲು ಕೇಳಿ. ಒಪ್ಪದ ಪದಗಳನ್ನು ತೆಗೆಸಿ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೆಂಬುದು ನೆನಪಿರಲಿ. ನೀವು ವಿವರಿಸಿದ ತಾರತಮ್ಯವನ್ನು ನಿಮ್ಮ ಸೂಕ್ಷ್ಮ ಸ್ವಭಾವವೆಂದು ಅವರು ಪದೇ ಪದೇ ಬದಿಗೆ ಸರಿಸುತ್ತಿದ್ದರೆ ಅದನ್ನು ಅವರಿಗೇ ಹೇಳಿ. ಒಳ್ಳೆಯ ಸಮಾಲೋಚಕರು ಅಲ್ಲಿ ನಿಂತು, ತಾವು ಎಲ್ಲಿ ಕೇಳಿಸಿಕೊಳ್ಳಲಿಲ್ಲವೆಂದು ನಿಮ್ಮನ್ನೇ ಕೇಳುತ್ತಾರೆ. ಹೇಳಿದ ಮೇಲೂ ಅದು ಬದಲಾಗದಿದ್ದರೆ ಬೇರೊಬ್ಬ ಸಮಾಲೋಚಕರನ್ನು ಹುಡುಕುವ ಹಕ್ಕು ನಿಮಗಿದೆ, ಅದಕ್ಕೆ ವಿವರಣೆ ಕೊಡಬೇಕಾದ ಅಗತ್ಯವಿಲ್ಲ.